ಮೆಟ್ಟಿಲಿಗೊಂದು ಜಮಖಾನ

ಜಮಖಾನ ಮಾರೋನ ಹಣೆಬರಹವೇ ಅಷ್ಟು ನೋಡಿ. ಯಾರ ಮನೆಗೆ ಕಾಲಿಟ್ಟರೂ ಅಲ್ಲಿ ಏನಾದರೊಂದು ಎಡವಟ್ಟು ನನಗಾಗಿಯೇ ಕಾದು ಕೂತಿರುತ್ತೆ. ಶಿರಾದ ಅಂಗಡಿಯಲ್ಲಿ ಮೂವತ್ತು ವರ್ಷ ದುಡಿದೆ. ಮಧುಗಿರಿ, ಕೊರಟಗೆರೆ, ಪಾವಗಡ ಅಂತ ಬಸ್ಸಿನ ನೆತ್ತಿಯ ಮೇಲೆ ಮಾಲು ಹೇರಿಕೊಂಡು ತಿರುಗಿದೆ. ನಗೋ ಪ್ರಸಂಗ ಇಲ್ಲದೆ ಒಂದು ವಾರ ಕಳೆದಿದ್ದು ನೆನಪಿಲ್ಲ. ಅದರಲ್ಲೂ ನಯಾ ಪೈಸೆ ಬಂದ ಹೊಸದರಲ್ಲಿ ಒಂದು ವರ್ಷ, ಮೆಟ್ಟಿಲಿಗೆ ಹಾಸೋ ಜಮಖಾನ ಹೊತ್ತುಕೊಂಡು ಅಲೆದೆನಲ್ಲ, ಆ ವರ್ಷ ನಾಲ್ಕು ತಾಲ್ಲೂಕೂ ನಕ್ಕಿತು. ನಾನೊಬ್ಬ ಮಾತ್ರ ನಗಲಿಲ್ಲ. ಯಾಕೆಂದರೆ ನನ್ನ ಮದುವೆ ಆ ಜಮಖಾನಗಳಿಗೆ ಗಂಟು ಬಿದ್ದಿತ್ತು.

೧. ಬೆಂಗಳೂರು ನೋಡಿ ಬಂದವನು

ನಮ್ಮ ಅಂಗಡಿಯ ಧಣಿಗಳು ಶಿರಾದ ಹಳೇ ಸಾಯ್ಬರು. ಮಾತು ಕಡಿಮೆ, ನಗು ಇನ್ನೂ ಕಡಿಮೆ, ಮನಸ್ಸು ಮಾತ್ರ ಬೆಣ್ಣೆ. ಒಂದು ಸಲ ನೂಲಿನ ಮೂಟೆ ತರೋಕೆ ನನ್ನನ್ನು ಬೆಂಗಳೂರಿಗೆ ಕಳಿಸಿದರು. ಅಲ್ಲಿ ದಂಡಿನ ಕಡೆ ಒಂದು ದೊಡ್ಡ ಹೋಟೆಲು. ಬಾಗಿಲಲ್ಲಿ ನಿಂತು ಇಣುಕಿದೆ. ಕೆಳಗಿನ ಮೆಟ್ಟಿಲಿಂದ ಮೇಲಿನ ಮೆಟ್ಟಿಲವರೆಗೆ ಕೆಂಪು ಜಮಖಾನ ಹಾಸಿದ್ದಾರೆ! ಬೂಟುಗಾಲಿನವರು ಹತ್ತುತ್ತಾರೆ, ಇಳೀತಾರೆ, ಸದ್ದೇ ಇಲ್ಲ. ಅಲ್ಲಿನ ಕೆಲಸದವನನ್ನು ಕೇಳಿದೆ. "ಕೊಳೆಯಾದ್ರೆ ಬಿಚ್ಚಿ ಒಗೀತೀವಿ, ಒಣಗಿಸಿ ಮತ್ತೆ ಹಾಸ್ತೀವಿ. ಕಂಬಳಿ ಥರ ಅಲ್ಲ, ನೂಲಿಂದು" ಅಂದ.

ನನ್ನ ತಲೆಯೊಳಗೆ ದೀಪ ಹತ್ತಿಕೊಂಡಿತು. ವಾಪಸು ಬರುವಾಗ ಶಿರಾಕ್ಕೂ ಹೋಗಲಿಲ್ಲ. ಕೊರಟಗೆರೆಯಲ್ಲಿ ಇಳಿದವನೇ ಹೊಳವನಹಳ್ಳಿ ದಾರಿ ಹಿಡಿದೆ. ಅಲ್ಲಿ ನಮ್ಮಮ್ಮನ ಅಣ್ಣ, ಅಂದರೆ ನನ್ನ ಸೋದರಮಾವ, ನೇಕಾರರು. ನಮ್ಮ ಅಂಗಡಿಗೆ ಹಾಸಿ ಮಲಗೋ ಅಗಲದ ಜಮಖಾನ ನೇಯ್ದು ಕೊಡುತ್ತಿದ್ದರು. ಅವರ ಮಗಳನ್ನು ನನಗೆ ಕೊಡೋದು ಅಂತ ವೀಳ್ಯ ಬದಲಾಯಿಸಿದ್ದೂ ಆಗಿತ್ತು.

ಮಾವನದು ಗುಂಡಿ ಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯೋದು. ಮಾವನಿಗೆ ಮಂಡಿ ನೋವು. ಗುಂಡಿಗೆ ಇಳಿಯುವಾಗ "ರಾಮಾ", ಹತ್ತುವಾಗ "ಅಯ್ಯೋ ರಾಮಾ". ಅವತ್ತು ರಾಮನನ್ನು ಕರೆಯುತ್ತಾ ಮೇಲೆ ಬಂದು ನನ್ನ ಮಾತು ಕೇಳಿದರು.

"ಒಂದೂವರೆ ಮೊಳ ಅಗಲ, ಮೂವತ್ತು ಮೊಳ ಉದ್ದ. ಕೆಂಪು ಮೈ, ನೀಲಿ ಅಂಚು. ಹನ್ನೆರಡು ಬೇಕು ಮಾವ."

"ಯಾರ್ ಮಲಗೋಕ್ಲಾ ಇದು? ಹಾವು ಮಲಗೋಕಾ?"

"ಮೆಟ್ಟಿಲಿಗೆ ಮಾವ. ಧಣಿಗಳೇ ಹೇಳಿದಾರೆ."

ಧಣಿಗಳು ಹೇಳಿರಲಿಲ್ಲ. ಅದು ನನ್ನ ಸುಳ್ಳು. ಮಾಲು ನೋಡಿದ ಮೇಲೆ ಬೆನ್ನು ತಟ್ಟುತ್ತಾರೆ ಅಂತ ಧೈರ್ಯ. ಪಾಪ, ಮಾವ ಬೇರೆ ಕೆಲಸವೆಲ್ಲ ಬಿಟ್ಟು ಮಗ್ಗ ಹೊಸದಾಗಿ ಹೂಡಿ ಹನ್ನೆರಡನ್ನೂ ನೇಯ್ದರು. ನಾನು ಶಿರಾಕ್ಕೆ ಹೊತ್ತು ತಂದು ಧಣಿಗಳ ಮುಂದೆ ಒಂದನ್ನು ಬಿಚ್ಚಿದೆ. ಅಂಗಡಿ ದಾಟಿ, ಚರಂಡಿ ದಾಟಿ, ರಸ್ತೆ ದಾಟಿ ಎದುರಿನ ಬಳೆ ಅಂಗಡಿವರೆಗೆ ಹೋಯಿತು.

ಧಣಿಗಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಅರೆ ಮಿಯಾ, ಈ ನಾಲ್ಕು ತಾಲ್ಲೂಕಲ್ಲಿ ಮೆಟ್ಟಿಲಿರೋ ಮನೆ ಎಷ್ಟು?"

ನಾನು ಬೆರಳು ಮಡಿಸಿ ಎಣಿಸಿದೆ. ಒಂದು ಕೈ ಪೂರ್ತಿ ಮಿಕ್ಕಿತು.

ಪಂಕ್ತಿಗಾದರೂ ಕೊಡೋಣ ಅಂದೆ. ಪಂಕ್ತಿಗೆ ಉದ್ದನೆ ಚಾಪೆ ಇದೆ, ಸಾರು ಚೆಲ್ಲಿದ ಜಮಖಾನ ಯಾರು ಒಗೀತಾರೆ ಅಂದರು ಧಣಿಗಳು. ಹನ್ನೆರಡೂ ಮಾವನ ಮನೆಗೆ ವಾಪಸು ಹೋದವು. ಅಲ್ಲಿಂದ ಮಾವನ ಗ್ರಹಚಾರ ಶುರು. ಊರಿನ ಚಾವಡಿಯಲ್ಲಿ ಕೂರೋ ಹಿರಿಯರೊಬ್ಬರಿದ್ದರು, ಕೀಟಲೆಗೇ ಹುಟ್ಟಿದವರು. ಮಾವ ಎದುರು ಬಂದಾಗಲೆಲ್ಲ, "ಅಲ್ಲಯ್ಯಾ, ಅರ್ಧ ಅಗಲ ನೇಯ್ದು ಬುಟ್ಟಿದ್ದೀಯಂತಲ್ಲ, ಉಳಿದರ್ಧ ಎಲ್ಲಿ?" ಅನ್ನೋರು. ಅವರನ್ನು ನೋಡಿ ಊರಿಗೂರೇ ಕಲಿತುಕೊಂಡಿತು. ನೀರಿಗೆ ಹೋದರೂ ಉಳಿದರ್ಧ ಎಲ್ಲಿ, ಕ್ಷೌರಕ್ಕೆ ಕೂತರೂ ಉಳಿದರ್ಧ ಎಲ್ಲಿ. ಮೂರು ತಲೆಮಾರಿಂದ ನೇಯ್ದ ಮನೆ. ಮಾವನಿಗೆ ಅನ್ನ ಸೇರದಂಗಾಯಿತು.

ನನ್ನನ್ನು ಕರೆಸಿದರು. "ಲೇ, ಹನ್ನೆರಡಕ್ಕೆ ಹನ್ನೆರಡೂ ಮೆಟ್ಟಿಲ ಮೇಲೆ ಹಾಸಿ ಬಾ. ಒಂದು ಮಿಕ್ಕಿದ್ರೂ ನನ್ನ ಮಗಳ ಮಾತು ಎತ್ತಬ್ಯಾಡ."

ಧಣಿಗಳ ಹತ್ತಿರ ಬಂದು ಗೋಳಾಡಿದೆ. ಮಾರಿಕೊಂಡು ಬರೋಕೆ ಒಪ್ಪಿಗೆ ಕೊಟ್ಟರು. ಹೊರಡುವಾಗ ಮಾತ್ರ ಹಿಂದಿನಿಂದ ಕೂಗಿದರು: "ಎಲ್ಲೂ ಆಗ್ಲಿಲ್ಲ ಅಂದ್ರೆ ಮಧುಗಿರಿ ಬೆಟ್ಟ ಇದೆ ಮಿಯಾ. ಅದಕ್ಕೆ ಹನ್ನೆರಡು ಸಾಕಾಗಲ್ಲ, ಇನ್ನೊಂದಿಷ್ಟು ನೇಯ್ಸು."

೨. ವಕೀಲರ ಮನೆಯ ಪಂಕ್ತಿ

ಮೊದಲು ಬಲೆಗೆ ಬಿದ್ದವರು ಮಧುಗಿರಿಯ ಒಬ್ಬ ವಕೀಲರು. ಕೆಳಗೆ ಸಂಸಾರ, ಮೇಲೆ ಕಚೇರಿ. ನಡುವೆ ಹದಿನಾಲ್ಕು ಕಲ್ಲು ಮೆಟ್ಟಿಲು. ಕಕ್ಷಿದಾರರ ಕಾಲಿನ ಧೂಳೆಲ್ಲ ಮೆಟ್ಟಿಲ ಮೇಲೆ, ವಕೀಲರ ಹೆಂಡತಿಗೆ ದಿನವೂ ಗುಡಿಸಿ ಗುಡಿಸಿ ಸಾಕಾಗಿತ್ತು. ನಾನು ಜಮಖಾನದ ತುದಿ ಹಿಡಿದು, "ಅಮ್ಮಾವರೇ, ಧೂಳೆಲ್ಲ ಇದು ಕುಡಿಯುತ್ತೆ. ತಿಂಗಳಿಗೊಂದು ಸಲ ಒಗೆದು ಹಾಕಿದರೆ ಹೊಸ ಸೀರೆ ಹಾಗೆ ಇರುತ್ತೆ" ಅಂದೆ. ಆ ತಾಯಿ ಗಂಡನನ್ನು ಕೇಳಲೂ ಇಲ್ಲ.

ಸಂಜೆಯೇ ಹಾಸಿ, ಕಲ್ಲಿನ ಸಂದಿಸಂದಿಗೂ ಮೊಳೆ ಹೊಡೆದು, ಹತ್ತಿ ಇಳಿದು ತೋರಿಸಿ ಬಂದೆ. ಮಾರನೆಯ ಬೆಳಿಗ್ಗೆ ಹೆಂಗಿದೆ ನೋಡೋಣ ಅಂತ ಹೋದರೆ, ಎಂಥ ನೋಟ! ಹದಿನಾಲ್ಕು ಮೆಟ್ಟಿಲಿನ ಮೇಲೆ ಹದಿನಾಲ್ಕು ಜನ, ಮೆಟ್ಟಿಲಿಗೊಬ್ಬರಂತೆ ಕಾಲು ಮಡಿಸಿ ಕೂತಿದ್ದಾರೆ. ಎಲ್ಲರ ಕೈಯೂ ತೊಳೆದು ಒದ್ದೆ. ಒಬ್ಬ ಮುಂಡಾಸು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದಾನೆ.

ಅವತ್ತು ಮಿಡಿಗೇಶಿ ಕಡೆಯ ಅಣ್ಣತಮ್ಮಂದಿರ ಹೊಲದ ವ್ಯಾಜ್ಯ. ಎರಡೂ ಕಡೆಯವರೂ ರಾಜಿ ಮಾತಿಗೆ ಅಂತ ಬೆಳಿಗ್ಗೆಯೇ ಬಂದಿದ್ದರು. ನಮ್ಮ ಸೀಮೆಯಲ್ಲಿ ಉದ್ದಕ್ಕೆ ಏನಾದರೂ ಹಾಸಿದ್ದು ಕಂಡರೆ ಅದು ಊಟದ ಪಂಕ್ತಿಯೇ. ಇನ್ನೊಂದು ಅರ್ಥ ಯಾರಿಗೂ ಗೊತ್ತಿಲ್ಲ. ಮೊದಲು ಬಂದವನು ಕೈಕಾಲು ತೊಳೆದು ಕೂತ. ಅವನನ್ನು ನೋಡಿ ಉಳಿದವರೂ ಕೂತರು. ಅಣ್ಣನ ಕಡೆಯವರು ಮೇಲಿನ ಮೆಟ್ಟಿಲಲ್ಲಿ, ತಮ್ಮನ ಕಡೆಯವರು ಕೆಳಗಿನದರಲ್ಲಿ.

ವಕೀಲರು ಕೋಟು ಹಾಕಿಕೊಂಡು ಕಚೇರಿಗೆ ಹತ್ತೋಣ ಅಂತ ಬಂದರೆ ಕಾಲಿಡೋಕೆ ಜಾಗ ಇಲ್ಲ.

"ಏನ್ರೀ ಇದು?"

ಕೆಳಗಿನ ಮೆಟ್ಟಿಲವನು ಕೈಮುಗಿದ. "ಮದುವ್ಯೋ ತಿಥಿಯೋ ತಿಳೀಲಿಲ್ಲ ಬುದ್ಧೀ. ಹಾಸಿತ್ತು, ಕೂತ್ಕಂಡ್ವಿ."

ಮೇಲಿನವನೊಬ್ಬ ಕೂಗಿದ. "ಎಲೆ ಮೇಲಿಂದ ಹಾಕ್ಕಂಡ್ ಬರ್ರಪ್ಪಾ. ನಾವು ಹಿರೇ ಕಡೆಯೋರು."

"ಅದೆಂಗ್ಲಾ ಮೇಲಿಂದ? ಕೆಳಗಿಂದ್ಲೇ ಬರ್ಲಿ!" ಅಂದ ತಮ್ಮ. ಹೊಲದ ಜಗಳ ಅಲ್ಲೇ ಬಿಟ್ಟು ಎಲೆಯ ಜಗಳ ಹತ್ತಿತು.

ಒಳಗಿನಿಂದ ವಕೀಲರ ಹೆಂಡತಿ ನೋಡಿದರು. ಆ ತಾಯಿ ದೊಡ್ಡ ಮನಸ್ಸಿನವರು. ಕೂತವರನ್ನು ಎಬ್ಬಿಸಬಾರದು ಅಂತ ಗಂಡನಿಗೆ ಕಣ್ಣು ಬಿಟ್ಟು, ನೆರೆಮನೆಯವರನ್ನೂ ಸೇರಿಸಿಕೊಂಡು ಅರ್ಧ ಗಂಟೆಯಲ್ಲಿ ಉಪ್ಪಿಟ್ಟು ಕೆದಕಿದರು. ಎಲೆ ಮಧ್ಯದ ಮೆಟ್ಟಿಲಿಂದ ಎರಡೂ ಕಡೆಗೆ ಹಾಕಿಸಿ ಜಗಳ ತೀರಿಸಿದರು. ಮಡಿಲಲ್ಲಿ ಎಲೆ ಇಟ್ಟುಕೊಂಡು ಅಣ್ಣತಮ್ಮಂದಿರು ಉಂಡರು. ಅಪ್ಪ ಸತ್ತ ಮೇಲೆ ಒಂದೇ ಪಂಕ್ತಿಯಲ್ಲಿ ಕೂತಿದ್ದು ಅದೇ ಮೊದಲಂತೆ. ತಿನ್ನುತ್ತಾ ತಿನ್ನುತ್ತಾ ಅಣ್ಣ ಕಣ್ಣೀರು ಹಾಕಿದ, ತಮ್ಮ ಅವನ ಎಲೆಗೆ ತನ್ನ ಉಪ್ಪಿಟ್ಟು ಹಾಕಿದ. ಕೈ ತೊಳೆದವರೇ, ವ್ಯಾಜ್ಯ ಗೀಜ್ಯ ಏನೂ ಬೇಡ ಅಂತ ಹೊರಟೇ ಹೋದರು.

ವಕೀಲರು ಖಾಲಿ ಮೆಟ್ಟಿಲು ನೋಡಿದರು, ನನ್ನನ್ನು ನೋಡಿದರು. "ಲೋ, ಈ ಜಮಖಾನ ಒಗೆದರೆ ಉಪ್ಪಿಟ್ಟಿನ ಕಲೆ ಹೋಗುತ್ತೆ ಸರಿ. ಹೋದ ಕಕ್ಷಿದಾರರು ವಾಪಸು ಬರ್ತಾರೇನೋ?"

೩. ಚಪ್ಪಲಿ ರಾಶಿ

ಎರಡನೆಯದೂ ಮೂರನೆಯದೂ ಹೋಗಿದ್ದು ಶಿರಾದಲ್ಲೇ, ಒಬ್ಬ ಹಾಜಿಯವರ ಮನೆಗೆ. ಕಡಲೆಕಾಯಿ ಮಂಡಿ ಅವರದು. ವಯಸ್ಸು ಎಂಬತ್ತರ ಹತ್ತಿರ. ಮಹಡಿಯ ಮೇಲೆ ದಿಂಬಿಗೊರಗಿ ಕೂತೇ ವ್ಯಾಪಾರ ನಡೆಸೋರು. ಬೀದಿಯಿಂದಲೇ ನೇರ ಮಹಡಿಗೆ ಒಂದು ಮೆಟ್ಟಿಲ ಸಾಲು, ಹಿತ್ತಿಲ ಕಡೆ ಇನ್ನೊಂದು. ನಮ್ಮ ಧಣಿಗಳ ಗೆಳೆಯರಾದ್ದರಿಂದ ಎರಡಕ್ಕೂ ತಗೊಂಡರು.

ಅಲ್ಲಿವರೆಗೆ ಬಂದವರು ಚಪ್ಪಲಿ ಮೆಟ್ಟಿಕೊಂಡೇ ಮೇಲೆ ಹತ್ತಿ, ಮಹಡಿಯ ಬಾಗಿಲಲ್ಲಿ ಬಿಡೋರು. ಈಗ ಮೆಟ್ಟಿಲ ಮೇಲೆ ಜಮಖಾನ ಬಿತ್ತಲ್ಲ! ಜಮಖಾನ ಅಂದರೆ ನಮಾಜು ಮಾಡೋದು, ಮದುಮಗನನ್ನು ಕೂರಿಸೋದು. ಅದನ್ನು ಚಪ್ಪಲಿಯಲ್ಲಿ ತುಳಿಯೋಕೆ ಯಾರಿಗೆ ಮನಸ್ಸು ಬರುತ್ತೆ? ಬೀದಿ ಬಾಗಿಲಲ್ಲೇ ಬಿಚ್ಚಿಡೋಕೆ ಶುರು ಮಾಡಿದರು. ಕಡಲೆಕಾಯಿ ಸುಗ್ಗಿ ಬೇರೆ. ಹುಲಿಕುಂಟೆ ಕಡೆಯ ರೈತರೆಲ್ಲ ಒಟ್ಟಿಗೆ ಬಂದಿದ್ದರು. ಹತ್ತು ಗಂಟೆಗೆ ಬಾಗಿಲಲ್ಲಿ ಚಪ್ಪಲಿ ರಾಶಿ ಬಿತ್ತು.

ದಾರಿಯಲ್ಲಿ ಹೋಗುತ್ತಿದ್ದ ಅತ್ತರಿನ ವ್ಯಾಪಾರಿ ಒಬ್ಬರು ಅದನ್ನು ನೋಡಿ ಗಕ್ಕನೆ ನಿಂತರು. ಹಾಜಿಯವರಿಗೆ ಎಂಬತ್ತು, ಬಾಗಿಲಲ್ಲಿ ಇಷ್ಟು ಚಪ್ಪಲಿ. ಇನ್ನೇನು ಹೇಳಬೇಕು? ಯಾ ಅಲ್ಲಾ ಅಂತ ಟೋಪಿ ಸರಿಮಾಡಿಕೊಂಡು, ತಮ್ಮ ಚಪ್ಪಲಿಯನ್ನೂ ರಾಶಿಗೆ ಸೇರಿಸಿ, ಮೇಲೆ ಹೋಗೋ ಧೈರ್ಯ ಸಾಲದೆ ಕೆಳಗಿನ ಜಗುಲಿಯ ಮೇಲೆ ತಲೆ ಬಗ್ಗಿಸಿ ಕೂತರು. ಅವರು ಕೂತಿದ್ದು ನೋಡಿ ಎದುರು ಮನೆಯವರು ಬಂದರು. ಇವರಿಬ್ಬರನ್ನು ನೋಡಿ ಪೇಟೆಯವರು ಬಂದರು. ಎಲ್ಲರ ಚಪ್ಪಲಿಯೂ ರಾಶಿಗೆ. ಜಗುಲಿ ತುಂಬಿತು. ಮಾತಿಲ್ಲ, ಕತೆಯಿಲ್ಲ. ಯಾರಾದರೂ ನಿಟ್ಟುಸಿರು ಬಿಟ್ಟರೆ ಇನ್ನೊಬ್ಬರು ಬಿಡೋದು, ಅಷ್ಟೆ.

ನಾನೂ ಧಣಿಗಳೂ ಅಂಗಡಿಗೆ ಬೀಗ ಹಾಕಿ ಓಡಿದೆವು. ಧಣಿಗಳ ಕಣ್ಣಲ್ಲಿ ನೀರು. ನನ್ನ ಕಣ್ಣಲ್ಲೂ ನೀರು. ನಿಜ ಹೇಳ್ತೀನಿ, ಅರ್ಧ ನೀರು ಹಾಜಿಯವರಿಗೆ, ಇನ್ನರ್ಧ ಎರಡು ಜಮಖಾನ ವಾಪಸು ಬರುತ್ತಲ್ಲಪ್ಪಾ ಅಂತ.

ಅಷ್ಟರಲ್ಲಿ ಹಾಜಿಯವರಿಗೆ ಮೇಲಿಂದ ಯಾಕೋ ಬೀದಿ ಸದ್ದಡಗಿದಂತೆ ಅನ್ನಿಸಿದೆ. ಹಿತ್ತಿಲ ಮೆಟ್ಟಿಲು ಇಳಿದು, ಕೋಲೂರಿಕೊಂಡು ಜಗುಲಿಗೆ ಬಂದರು. ಎಲ್ಲರೂ ತಲೆ ಬಗ್ಗಿಸಿ ಕೂತಿದ್ದರಿಂದ ಯಾರೂ ನೋಡಲಿಲ್ಲ. ಬಂದವರೇ ಅತ್ತರಿನವರ ಪಕ್ಕ ಕೂತರು. ತಾವೂ ತಲೆ ಬಗ್ಗಿಸಿದರು. ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಕೇಳಿದರು. "ಪಾಪ, ಯಾರು ಹೋಗಿದ್ದು?"

ಅತ್ತರಿನವರು ಕಣ್ಣೊರೆಸಿಕೊಳ್ಳುತ್ತಾ, ಮುಖ ಎತ್ತದೆ, "ನಮ್ಮ ಹಾಜಿ ಸಾಹೇಬರು" ಅಂದರು.

"ಇನ್ನಾ ಲಿಲ್ಲಾ!" ಅಂತ ಹಾಜಿಯವರು ಎದೆ ಹಿಡಿದುಕೊಂಡರು. "ಒಳ್ಳೆ ಮನುಷ್ಯ. ನಿನ್ನೆ ತಾನೇ ಎರಡು ಹೊಸ ಜಮಖಾನ ಹಾಕಿಸಿದ್ದ!"

೪. ಬೆಳೆದ ಮೆಟ್ಟಿಲು

ಆ ಗದ್ದಲದಿಂದ ನನಗೆ ಲಾಭವೇ ಆಯಿತು. ಶೋಕಕ್ಕೆ ಬಂದವರಲ್ಲಿ ಮಹಡಿ ಮನೆಯವರು ನಾಲ್ವರಿದ್ದರು. ಹಾಜಿಯವರ ಮೆಟ್ಟಿಲು ನೋಡಿ ಒಂದೊಂದು ಕೇಳಿದರು. ಏಳು ಹೋಯಿತು. ಐದು ಉಳಿಯಿತು. ಮಾವನಿಗೆ ಕಾಗದ ಹಾಕಿದೆ. "ಹನ್ನೆರಡು ಅಂದಿದ್ದೆ" ಅಂತ ಎರಡೇ ಪದದ ಉತ್ತರ ಬಂತು.

ಪಾವಗಡದ ಬಸ್ಸು ಹತ್ತಿದೆ. ಅಲ್ಲಿ ಎಣ್ಣೆ ಗಿರಣಿಯ ಯಜಮಾನರೊಬ್ಬರು ಹೊಸದಾಗಿ ಮಹಡಿ ಕಟ್ಟಿಸಿದ್ದರು. ಇಪ್ಪತ್ತು ಮೆಟ್ಟಿಲು. ಅವರ ತಾಯಿ, ಹಣ್ಣುಹಣ್ಣು ಮುದುಕಿ, ಮನೆಯ ಯಜಮಾನಿಕೆ ಎಲ್ಲ ಆಕೆಯದೇ. ಅರ್ಧ ಕನ್ನಡ, ಅರ್ಧ ತೆಲುಗು. ಆಕೆಗೆ ಒಂದೇ ಅನುಮಾನ.

"ಒಗೆದ್ರೆ ರಂಗು ಪೋತುಂದಾ?"

"ಇಲ್ಲ ಅವ್ವಾ. ನಮ್ಮ ಮಾವನ ಕೈ ರಂಗು. ಬೇಕಾದರೆ ಈಗಲೇ ಒಗೆಸಿ ನೋಡಿ."

ರಂಗಿನ ವಿಷಯದಲ್ಲಿ ನಾನು ಹೇಳಿದ್ದು ಅಪ್ಪಟ ನಿಜ. ನೂಲಿನ ಜಮಖಾನ ಮೊದಲನೇ ನೀರಿಗೆ ಕುಗ್ಗುತ್ತೆ ಅನ್ನೋದನ್ನು ಮಾತ್ರ ಆಕೆ ಕೇಳಲಿಲ್ಲ, ನಾನು ಹೇಳಲಿಲ್ಲ. ಅಡಿ ಮೆಟ್ಟಿಲಿಂದ ತುದಿ ಮೆಟ್ಟಿಲವರೆಗೆ ಲೆಕ್ಕ ಹಾಕಿ ಹಾಸಿ ಬಂದೆ. ತುದಿಯಿಂದ ತುದಿಗೆ ಸರಿಯಾಗಿತ್ತು.

ತಿಂಗಳು ಕಳೆದು ಆ ಕಡೆ ಹೋದಾಗ ಗಿರಣಿಯ ಯಜಮಾನರು ಬಸ್ಸು ನಿಲ್ಲೋ ಜಾಗದಲ್ಲೇ ಹಿಡಿದರು. "ಬಾರಯ್ಯಾ, ನಮ್ಮಮ್ಮ ಪುರೋಹಿತರನ್ನ ಕರೆಸಿದಾಳೆ."

ಹೋಗಿ ನೋಡಿದರೆ, ಮೆಟ್ಟಿಲ ಬುಡದಲ್ಲಿ ಅರಿಶಿನ ಕುಂಕುಮ, ತೆಂಗಿನಕಾಯಿ. ಮುದುಕಿ ನನ್ನನ್ನು ಕಂಡದ್ದೇ ಕೈ ಹಿಡಿದು ಎಳೆದೊಯ್ದು ತೋರಿಸಿತು. ಒಗೆದು ಹಾಸಿದ ಜಮಖಾನ ಹದಿನೆಂಟು ಮೆಟ್ಟಿಲಿಗೇ ನಿಂತಿದೆ. ಮೇಲಿನ ಎರಡು ಬರಿಗಲ್ಲು.

"ಚೂಡು ನಾಯನಾ! ಮೆಟ್ಲು ಪೆರಿಗಿನಾಯಿ! ಹೋದ ತಿಂಗಳು ಸರಿ ಇತ್ತು, ಈಗ ಎರಡು ಬೆಳೆದವೆ! ಮನೆ ಬೆಳೀತಾ ಅದೆ. ನಮ್ ವಂಶ ಬೆಳೀತದೆ ಅಂತ ಅಯ್ನೋರು ಹೇಳಿದ್ರು!"

ಪುರೋಹಿತರು ನನ್ನ ಮುಖ ನೋಡಿದರು. ನಾನು ಪುರೋಹಿತರ ಮುಖ ನೋಡಿದೆ. ಇಬ್ಬರೂ ಕಣ್ಣಲ್ಲೇ ಒಪ್ಪಂದ ಮಾಡಿಕೊಂಡೆವು. ಗಿರಣಿಯ ಯಜಮಾನರಿಗೆ ಮಾತ್ರ ಪೂರ್ತಿ ಅರ್ಥವಾಗಿತ್ತು. ನನ್ನನ್ನು ಪಕ್ಕಕ್ಕೆ ಕರೆದು, "ಅಮ್ಮನ ಖುಷಿ ಕೆಡಿಸಬೇಡ. ಇನ್ನೊಂದು ಜಮಖಾನ ಕೊಡು, ಬೆಳೆದ ಎರಡಕ್ಕೂ ಹೊಂದಿಸು" ಅಂದರು. ಎಂಟನೆಯದರ ಜೊತೆ ಒಂಬತ್ತನೆಯದೂ ಹೋಯಿತು.

ಆಮೇಲೆ ಆ ಮನೆಯ ಸೊಸೆ ಬಸುರಿಯಾದಳು. ಮುದುಕಿ ಊರೆಲ್ಲ ಸಾರಿತು. ಪಾವಗಡದ ಕಡೆಯಿಂದ ಇಬ್ಬರು ಶಿರಾದ ಅಂಗಡಿಗೇ ಹುಡುಕಿಕೊಂಡು ಬಂದು ಕೇಳಿದರು: "ಮನೆಗೆ ಮೆಟ್ಲಿಲ್ಲ ಸ್ವಾಮಿ, ಮಕ್ಕಳೂ ಇಲ್ಲ. ಮಂಚಕ್ಕೆ ಹಾಸಿದ್ರೆ ಆಯ್ತದಾ?"

೫. ಮಾಳಿಗೆ ಮುಂದಿನ ವರ್ಷ

ಹತ್ತನೆಯದು ಕೊರಟಗೆರೆ ಕಡೆಯ ಒಬ್ಬ ಜಮೀನುದಾರರಿಗೆ. ಅವರದು ಒಂದೇ ಅಂತಸ್ತಿನ ಮಣ್ಣಿನ ಮನೆ. ಅವರ ಬೀಗರು ಶಿರಾದಲ್ಲಿ ಹಾಜಿಯವರ ಮನೆಯ ಹತ್ತಿರ ಇದ್ದವರು, ಜಮಖಾನ ತಗೊಂಡ ಆ ನಾಲ್ವರಲ್ಲಿ ಒಬ್ಬರು. ಬೀಗರ ಮುಂದೆ ಸೋಲೋಕೆ ಆಗುತ್ತಾ?

"ನಿಮ್ಮಲ್ಲಿ ಮೆಟ್ಟಿಲಿಲ್ಲವಲ್ಲ ಗೌಡ್ರೇ" ಅಂದೆ.

"ನಾಡಿದ್ದು ಬಾ" ಅಂದರು.

ನಾಡಿದ್ದು ಹೋದರೆ ಪಡಸಾಲೆಯ ಮೂಲೆಯಲ್ಲಿ ಹನ್ನೊಂದು ಮೆಟ್ಟಿಲು ಎದ್ದು ನಿಂತಿವೆ! ಗಾರೆ ಇನ್ನೂ ಹಸಿ. ಹತ್ತಿಕೊಂಡು ಹೋದರೆ ತೊಲೆಗೆ ತಲೆ ತಾಗುತ್ತೆ, ಅಲ್ಲಿಗೆ ಮುಗಿಯಿತು. ಮೇಲೆ ಬಾಗಿಲಿಲ್ಲ, ಮಹಡಿಯಿಲ್ಲ, ಏನೂ ಇಲ್ಲ.

"ಗೌಡ್ರೇ, ಮಾಳಿಗೆ?"

"ಮಾಳಿಗೆ ಮುಂದಿನ ವರ್ಷ. ಬೀಗರು ನಾಳೆ ಬರ್ತಾರೆ, ಈಗ ಜಮಖಾನ ಹಾಸು."

ಹಾಸಿದೆ. ಬೀಗರು ಬಂದರು. ಕಾಫಿ ಕುಡಿದು, ಮೆಟ್ಟಿಲು ನೋಡಿ, ಚಪ್ಪಲಿ ಬಿಚ್ಚಿ ಗಂಭೀರವಾಗಿ ಹತ್ತಿದರು. ತೊಲೆ ಮುಟ್ಟಿದರು. ಅಲ್ಲೇ ಒಂದು ಗಳಿಗೆ ಬಗ್ಗಿಕೊಂಡು ನಿಂತು ಇಳಿದು ಬಂದರು. ಏನಾದರೂ ಹೇಳಲೇಬೇಕಲ್ಲ, ಮರ್ಯಾದಸ್ಥರು. "ಚೆನ್ನಾಗಿದೆ ಬೀಗರೇ" ಅಂದರು. "ಮೇಲೆ ತಂಪಾಗಿದೆ."

೬. ಹನ್ನೆರಡನೆಯದು

ಹನ್ನೊಂದನೆಯದು ಮಧುಗಿರಿಯ ಬಸ್ ನಿಲ್ದಾಣದ ಹತ್ತಿರದ ಒಂದು ಲಾಡ್ಜಿಗೆ ಸದ್ದಿಲ್ಲದೆ ಹೋಯಿತು. ಒಂದೇ ಒಂದು ಮಿಕ್ಕಿತು. ಅಲ್ಲಿಗೆ ನಾಲ್ಕು ತಾಲ್ಲೂಕಿನಲ್ಲಿ ನನಗೆ ಗೊತ್ತಿದ್ದ ಮೆಟ್ಟಿಲುಗಳೂ ಮುಗಿದವು.

ಎಲ್ಲೆಲ್ಲಿ ಅಲೆಯಲಿಲ್ಲ? ಕಲ್ಯಾಣಿಯ ಮೆಟ್ಟಿಲಿಗೆ ಹಾಸಿ ಅಂತ ಒಬ್ಬ ಪಟೇಲರನ್ನು ಕೇಳಿ ಬೈಸಿಕೊಂಡೆ. ಅಟ್ಟಕ್ಕೆ ಏಣಿ ಇಟ್ಟವರ ಮನೆಯಲ್ಲಿ ಏಣಿಗೆ ಸುತ್ತಿ ತೋರಿಸಿದೆ. ಮನೆಯಾಕೆ, "ಏಣಿಗೆ ಶೀತ ಆಗಿದ್ಯಾ?" ಅಂತ ಕೇಳಿದಳು. ಆಷಾಢ ಕಳೆಯಿತು, ಶ್ರಾವಣ ಬಂತು. ನಮ್ಮಮ್ಮ ದಿನಾ ಬೆಳಗೆದ್ದು, "ನಿನ್ನ ಬಾಯಿಗೆ ಬೀಗ ಹಾಕ. ಸುಳ್ಳು ಹೇಳಿ ಹೆಣ್ಣು ಕಳಕೊಂಡೆಯಲ್ಲೋ" ಅಂತ ಅಳೋಳು. ನನಗೂ ಅಳು ಬರುತ್ತಿತ್ತು. ಮಾವನ ಮಗಳೆಂದರೆ ನನಗೆ ಚಿಕ್ಕಂದಿನಿಂದ ಜೀವ.

ಕೊನೆಗೆ ಸೋತು, ಹನ್ನೆರಡನೆಯದನ್ನು ಹೆಗಲ ಮೇಲೆ ಹೊತ್ತುಕೊಂಡು ಹೊಳವನಹಳ್ಳಿಗೇ ಹೋದೆ. ತಪ್ಪೊಪ್ಪಿಕೊಂಡು ಕಾಲಿಗೆ ಬೀಳೋಣ ಅಂತ. ಮಾವ ಸಂತೆಗೆ ಹೋಗಿದ್ದರು. ಮಗಳು ಮಗ್ಗದ ಪಕ್ಕ ಕೂತು ರಾಟೆ ತಿರುಗಿಸುತ್ತಾ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಗೋಡೆ ನೋಡಿಕೊಂಡೇ ಕೇಳಿದಳು.

"ಎಷ್ಟು ಉಳೀತು ಬಾವ?"

"ಒಂದು. ಇನ್ನು ಆಗಲ್ಲ. ಮೆಟ್ಟಿಲೇ ಇಲ್ಲ ಎಲ್ಲೂ. ನೀನು ಬೇರೆ ಯಾರನ್ನಾದರೂ..." ಅಂದೆ.

ಅವಳು ರಾಟೆ ನಿಲ್ಲಿಸಿ ಈ ಕಡೆ ತಿರುಗಿದಳು. ಕಣ್ಣಲ್ಲಿ ನೀರೂ ಇತ್ತು, ಕೋಪವೂ ಇತ್ತು. "ನಾಲ್ಕು ತಾಲ್ಲೂಕು ಸುತ್ತಿದ್ಯಲ್ಲ, ನಮ್ಮನೇಲಿ ಒಂದ್ಸಲ ಕಣ್ಣು ಬುಟ್ಟು ನೋಡಿದ್ಯಾ?"

"ನಿಮ್ಮನೇಲಿ ಮಹಡಿ ಎಲ್ಲಿದೆ?"

"ಮೆಟ್ಟಿಲು ಮೇಲಕ್ಕೇ ಹೋಗ್ಬೇಕು ಅಂತ ಯಾರಂದ್ರು?"

ಕೈ ತೋರಿಸಿದಳು. ಮಗ್ಗದ ಗುಂಡಿ. ಮಂಡಿ ನೋವಿಗೆ ಅನುಕೂಲವಾಗಲಿ ಅಂತ ಮಾವ ಗುಂಡಿಗೆ ಇಳಿಯೋ ಕಡೆ ಕಲ್ಲಿಟ್ಟು ಎರಡು ಮೆಟ್ಟಿಲು ಮಾಡಿಕೊಂಡಿದ್ದರು. ನಾನು ಅದೆಷ್ಟು ಸಲ ಅಲ್ಲೇ ನಿಂತು ಮಾತಾಡಿದ್ದೆನೋ!

ಮೂವತ್ತು ಮೊಳವನ್ನು ಇಬ್ಬರೂ ಸೇರಿ ಮಡಿಸಿ ಮಡಿಸಿ ಹಾಸಿದೆವು. ಎರಡು ಮೆಟ್ಟಿಲಿಗೂ ಹಾಸಿಗೆ ದಪ್ಪ ಬಂತು. ಮಾವನ ಹೆಜ್ಜೆ ಸದ್ದು ಕೇಳಿ ನಾನು ಬಾಗಿಲ ಹಿಂದೆ ನಿಂತುಕೊಂಡೆ. ಮಾವ ಸಂತೆ ಚೀಲ ಇಟ್ಟರು, ನೀರು ಕುಡಿದರು, ಮಗ್ಗದ ಹತ್ತಿರ ಬಂದು ಅಭ್ಯಾಸದಂತೆ "ರಾಮಾ" ಅನ್ನೋಕೆ ಬಾಯಿ ತೆರೆದು ಕಾಲಿಟ್ಟರು. ರಾಮ ಬಾಯಲ್ಲೇ ಉಳಿದ. ಇನ್ನೊಂದು ಕಾಲಿಟ್ಟರು. ಮತ್ತೆ ಮೇಲೆ ಹತ್ತಿದರು. ಮತ್ತೆ ಇಳಿದರು.

"ಇದ್ಯಾರು ಹಾಸಿದ್ದು?"

"ಹನ್ನೆರಡನೇದು ಕಣಪ್ಪ" ಅಂದಳು ಮಗಳು. "ಮೆಟ್ಟಿಲ ಮೇಲೆ ಹಾಸಿದ್ದಾಯ್ತು. ನೀನು ಯಾರ ಮನೆ ಮೆಟ್ಟಿಲು ಅಂತ ಹೇಳಿರ್ಲಿಲ್ಲ."

ಮಾವ ಬಗ್ಗಿ ಜಮಖಾನವನ್ನು ಅಂಗೈಯಲ್ಲಿ ಒತ್ತಿ ನೋಡಿದರು. ಆಮೇಲೆ ಬಾಗಿಲ ಕಡೆ ತಿರುಗಿ ಕೂಗಿದರು. "ಬಾರ್ಲಾ ಈಚೆಗೆ. ಕಾಲು ಕಾಣ್ತಾ ಅವೆ."

ಬಂದೆ. ಕಾಲಿಗೆ ಬಿದ್ದು, ಧಣಿಗಳ ಹೆಸರಲ್ಲಿ ಹೇಳಿದ ಸುಳ್ಳನ್ನೂ ಒಪ್ಪಿಕೊಂಡೆ.

"ಅದು ನನಗೆ ಅವತ್ತೇ ಗೊತ್ತಿತ್ತು" ಅಂದರು ಮಾವ. "ಸುಳ್ಳು ಹೇಳುವಾಗ ನಿಮ್ಮಪ್ಪನ ಥರಾನೇ ಕಿವಿ ಕೆರ್ಕೋತೀಯ. ಆದ್ರೂ ಯಾಕೆ ನೇಯ್ದೆ ಗೊತ್ತಾ? ಒಂದೂವರೆ ಮೊಳ ಅಗಲ ನೇಯೋದು ಬಲೇ ಸುಲಭ ಕಣ್ಲಾ, ಆ ಕಡೆ ಈ ಕಡೆ ಸರಿದು ಮಂಡಿ ನೋಯಿಸ್ಕೊಳ್ಳೋದೇ ಬ್ಯಾಡ!"

೭. ಎಲೆ ಹಾಕಿದ ಮೇಲೆ

ಮದುವೆ ಹೊಳವನಹಳ್ಳಿಯಲ್ಲೇ ಆಯಿತು. ಮಾವ ಹಟ ಹಿಡಿದರು. "ನನ್ನ ಮಗಳ ಮದುವೆ ಪಂಕ್ತಿಗೆ ಚಾಪೆ ಹಾಸಲ್ಲ, ಜಮಖಾನವೇ ಹಾಸ್ತೀನಿ. ಸಾರು ಚೆಲ್ಲಿದ್ರೆ ಒಗೆದ್ರಾಯ್ತು" ಅಂತ ಅದೇ ಒಂದೂವರೆ ಮೊಳದ ಅಗಲ, ಅದೇ ಕೆಂಪು, ಅದೇ ನೀಲಿ ಅಂಚು, ಆರು ಹೊಸವು ನೇಯ್ದರು.

ಜಮಖಾನ ತಗೊಂಡವರನ್ನೆಲ್ಲ ನಾನು ಕರೆದಿದ್ದೆ. ಎಲ್ಲರೂ ಬಂದರು. ಮಧುಗಿರಿಯ ವಕೀಲರು, ಅವರ ಹೆಂಡತಿ. ಶಿರಾದಿಂದ ನಮ್ಮ ಧಣಿಗಳು, ಬದುಕಿ ಬಂದ ಹಾಜಿಯವರು. ಪಾವಗಡದ ಮುದುಕಿ ಬಸುರಿ ಸೊಸೆಯನ್ನೂ ಕರೆತಂದಿತ್ತು. ಕೊರಟಗೆರೆಯ ಗೌಡರು ಬೀಗರ ಜೊತೆ ಬಂದರು. ಮಿಡಿಗೇಶಿಯ ಅಣ್ಣತಮ್ಮಂದಿರಂತೂ ಒಂದೇ ಗಾಡಿಯಲ್ಲಿ ಬಂದರು. ಧಾರೆಯಾಯಿತು. ಚಪ್ಪರದಲ್ಲಿ ಆರು ಜಮಖಾನ ಉದ್ದಕ್ಕೆ ಹಾಸಿ, ಎದುರಿಗೆ ಎಲೆ ಹಾಕಿದರು. ಉಪ್ಪು, ಕೋಸಂಬರಿ ಬಡಿಸಿದರು.

ಮಾವ ಕೈ ಮೇಲೆತ್ತಿ ಕರೆದರು. "ಬನ್ನಿ, ಎಲೆ ಆಗಿದೆ."

ಯಾರೂ ಕೂರಲಿಲ್ಲ.

ಎಲ್ಲರೂ ಜಮಖಾನದ ಒಂದು ತುದಿಗೆ ಬಂದರು. ಚಪ್ಪಲಿ ಬಿಚ್ಚಿ ಒಪ್ಪವಾಗಿ ಜೋಡಿಸಿದರು. ಪಂಚೆಯ ತುದಿ ಎತ್ತಿ ಹಿಡಿದು, ಒಬ್ಬರ ಹಿಂದೆ ಒಬ್ಬರು ಸಾಲಾಗಿ ಜಮಖಾನದ ಮೇಲೆ ನಡೆದು ಆ ತುದಿಗೆ ಹೋದರು. ಅಲ್ಲಿ ಚಪ್ಪರದ ಕಂಬ. ಕಂಬದ ಬುಡದಲ್ಲಿ ನಿಂತು ಮೇಲೆ ನೋಡಿದರು. ಹಿಂದಿನವರು ಮುಂದಿನವರನ್ನು ತಳ್ಳಿದರು. ವರ್ಷವಿಡೀ ನಾನೇ ಬಡಕೊಂಡಿದ್ದೆನಲ್ಲ, ಇದು ಕೂರೋಕಲ್ಲ, ಹತ್ತೋಕೆ ಅಂತ! ನಾಲ್ಕು ತಾಲ್ಲೂಕು ಪಾಠ ಕಲಿತಿತ್ತು. ಮಿಡಿಗೇಶಿಯ ಅಣ್ಣ ಮಾತ್ರ ಅಭ್ಯಾಸಬಲದಿಂದ ಕೂರೋಕೆ ಬಗ್ಗಿದ. ತಮ್ಮ ಅವನ ಹೆಗಲ ಪಂಚೆ ಹಿಡಿದು ಎತ್ತಿದ. "ಏಳಣ್ಣಾ, ಮೊದಲೇ ಒಂದ್ಸಲ ನಗೆಪಾಟಲಾಗಿದೀವಿ."

ಸಾಲಿನ ಮುಂದೆ ಇದ್ದವರು ಯಾರು ಅಂತೀರಿ? ವರ್ಷವೆಲ್ಲ ಮಾವನನ್ನು ಗೋಳು ಹೊಯ್ದುಕೊಂಡ ಚಾವಡಿಯ ಹಿರಿಯರು. ಕಂಬವನ್ನು ಒಂದು ಸುತ್ತು ಸುತ್ತಿ ನೋಡಿದರು, ಸೊಂಟದ ಮೇಲೆ ಕೈಯಿಟ್ಟುಕೊಂಡು ಊರಿಗೆಲ್ಲ ಕೇಳೋ ಹಂಗೆ ಕೂಗಿದರು.

"ಏನಯ್ಯಾ, ಜಮಖಾನವೇನೋ ಭೇಷಾಗದೆ, ಮೆಟ್ಟಿಲೆಲ್ಲಿ?"

ಮಾವ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ನೋಡಿದರೆ ಕಣ್ಣು ತುಂಬಿ ನೀರು ಇಳೀತಾ ಇದೆ, ಬಾಯಿ ತುಂಬ ನಗು.

"ಕೇಳಿಸ್ತೇನ್ಲಾ ಅಳಿಯಾ? ಉಳಿದರ್ಧ ಎಲ್ಲಿ ಅಂತ ಕೇಳ್ಲಿಲ್ಲ!" ಅಂದರು. ಆಮೇಲೆ ಜನದ ಕಡೆ ತಿರುಗಿ, ಇಡೀ ಹೊಳವನಹಳ್ಳಿಗೆ ಕೇಳೋ ಹಂಗೆ ಕೂಗಿದರು. "ಮೆಟ್ಟಿಲು ಮುಂದಿನ ವರ್ಷ! ಈಗ ಕೂತ್ಕಂಡು ಉಣ್ರಪ್ಪೋ!"